ನೀರಿನ ಮಾತ್ರೆಗಳೆಲ್ಲ ಒಂದೇ ಅಲ್ಲ

ನಮ್ಮ ತಂದೆಯವರಿಗೂ ತಾಯಿಯವರಿಗೂ ವೈದ್ಯರು ಬರೆದುಕೊಟ್ಟಿರುವುದು ಮೂತ್ರವರ್ಧಕ ಔಷಧವನ್ನೇ. ಮನೆಯಲ್ಲಿ ನಾವು ಎರಡನ್ನೂ ‘ನೀರಿನ ಮಾತ್ರೆ’ ಎನ್ನುತ್ತೇವೆ. ಹೆಸರು ಒಂದಾದರೂ ಗುಣ ಒಂದಲ್ಲವೆಂಬುದನ್ನು ಮನೆಮಂದಿಯೆಲ್ಲ ಅರಿತಿರುವುದು ಲೇಸು.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ನೂರಕ್ಕೆ 99 ಪಾಲನ್ನು ರಕ್ತಕ್ಕೆ ಮರಳಿಸುತ್ತವೆ. ಉಪ್ಪು ಹೋದೆಡೆಗೆ ನೀರೂ ಹೋಗುತ್ತದೆ. ಈ ಮಾತ್ರೆಗಳು ಉಪ್ಪು ರಕ್ತಕ್ಕೆ ಮರಳದಂತೆ ತಡೆಯುವುದರಿಂದ ನೀರೂ ಅದರೊಡನೆ ಹೊರಬೀಳುತ್ತದೆ.

ತಂದೆಯವರದು ಫ್ಯುರೋಸೆಮೈಡ್, ಹೃದಯದ ದೌರ್ಬಲ್ಯದಿಂದ ಕಾಲು ಊದಿಕೊಂಡವರಿಗೆ ಗಂಟೆಯೊಳಗೆ ಕೆಲಸ ಆರಂಭಿಸುವ ಪ್ರಬಲ ಔಷಧ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಝೈಡ್ ಅದಕ್ಕಿಂತ ಸೌಮ್ಯವಾದುದು. ಇವೆರಡೂ ದೇಹದ ಪೊಟ್ಯಾಸಿಯಂ ಅಂಶವನ್ನು ಕಳೆಯುತ್ತವೆ. ಯಕೃತ್ತಿನ ಬೇನೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದ ತಾಯಿಯವರಿಗೆ ಕೊಡುತ್ತಿರುವ ಸ್ಪೈರೊನೊಲ್ಯಾಕ್ಟೋನ್ ಅದನ್ನು ಉಳಿಸುತ್ತದೆ. ಆದ್ದರಿಂದ ಪೊಟ್ಯಾಸಿಯಂ ಹೇರಳವಾಗಿರುವ ಎಳನೀರು, ಬಾಳೆಹಣ್ಣು ಒಬ್ಬರಿಗೆ ಹಿತವೆನಿಸಿದರೂ, ಮತ್ತೊಬ್ಬರಿಗೆ ಅತಿಯಾದಲ್ಲಿ ಹೃದಯದ ಬಡಿತವನ್ನೇ ಕೆಡಿಸಬಲ್ಲವು.

ಒಬ್ಬರ ಮಾತ್ರೆಯನ್ನು ಮತ್ತೊಬ್ಬರಿಗೆ ಕೊಡಲಾಗದು; ಊತ ಇಳಿಯಿತೆಂದು ನಾವಾಗಿಯೇ ನಿಲ್ಲಿಸಲೂ ಆಗದು. ವೈದ್ಯರು ಹೇಳಿದ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸುವುದೂ ಹಿರಿಯರ ಸೇವೆಯೇ ಎಂದು ನಾವು ಭಾವಿಸಿದ್ದೇವೆ.