ಕಿಟಕಿಯ ಹಿಡಿ

ಮನೆ ಕಟ್ಟುವಾಗ ನಾವು ಬಾಗಿಲಿನ ಬಗ್ಗೆ ಬಹಳ ಯೋಚಿಸುತ್ತೇವೆ. ದಿಕ್ಕು ನೋಡುತ್ತೇವೆ, ಮುಹೂರ್ತ ನೋಡಿ ಹೊಸ್ತಿಲು ನಿಲ್ಲಿಸುತ್ತೇವೆ, ಹಬ್ಬಕ್ಕೆ ತೋರಣ ಕಟ್ಟುತ್ತೇವೆ. ಕಿಟಕಿಗೆ ಅಷ್ಟು ಗೌರವವಿಲ್ಲ. ಅದರ ಹಿಡಿಯಂತೂ ಯಾರ ಗಮನಕ್ಕೂ ಬರುವುದಿಲ್ಲ. ಕಿತ್ತು ಕೈಗೆ ಬಂದ ದಿನವೇ ಅಲ್ಲೊಂದು ಹಿಡಿ ಇತ್ತೆಂದು ನೆನಪಾಗುವುದು. ಆಗಲೂ ಅನೇಕ ಮನೆಗಳಲ್ಲಿ ಮೂಟೆ ಕಟ್ಟುವ ಸುತಳಿಯ ತುಂಡೊಂದನ್ನು ಚಿಲಕಕ್ಕೆ ಗಂಟು ಹಾಕಿ ಕೆಲಸ ಮುಗಿಸುತ್ತಾರೆ. ಅಂಗಡಿಯ ಲೆಕ್ಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಊಟಕ್ಕೇಳದ ನಮ್ಮ ಗಂಡಸರು, ಆ ಸುತಳಿಯನ್ನು ವರ್ಷಗಟ್ಟಲೆ ನೋಡುತ್ತಾ ನಿಶ್ಚಿಂತೆಯಿಂದ ಇರಬಲ್ಲರು!

ನಮ್ಮದು ವಯನಾಡಿನಲ್ಲಿ, ಕಲ್ಪೆಟ್ಟದ ಸಮೀಪದ ಕಾಫಿ ತೋಟದ ಮನೆ. ಈ ಕಡೆಯ ಹಳೆಯ ಕಿಟಕಿಗಳ ರಚನೆಯನ್ನು ಬೇರೆ ಊರಿನ ಬಂಧುಗಳಿಗೆ ಸ್ವಲ್ಪ ವಿವರಿಸಬೇಕು. ಮರದ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಸರಳುಗಳು. ಅವುಗಳ ಆಚೆ ಹೊರಕ್ಕೆ ತೆರೆಯುವ ಎರಡು ಕದಗಳು. ಮುಚ್ಚಬೇಕಾದರೆ ಸರಳುಗಳ ಸಂದಿಯಿಂದ ಕೈ ಹೊರಚಾಚಿ, ಕದದ ಒಳಮೈಯಲ್ಲಿರುವ ಹಿಡಿಯನ್ನು ಹಿಡಿದು ಎಳೆದುಕೊಂಡು ಚಿಲಕ ಹಾಕಬೇಕು. ಹಿಡಿ ಇಲ್ಲವಾದರೆ ಕದದ ಅಂಚಿಗೆ ಬೆರಳು ಸಿಕ್ಕಿಸಿ ಎಳೆಯಬೇಕಾಗುತ್ತದೆ. ಮಳೆಗೆ ಉಬ್ಬಿದ ಕದ ಬರುವುದಿಲ್ಲ, ಬಂದರೆ ಒಮ್ಮೆಲೇ ಬಂದು ಬೆರಳನ್ನು ಕಚ್ಚುತ್ತದೆ. ಸಂದಿಯಲ್ಲಿ ಹಲ್ಲಿ ಇದ್ದರೆ ಅದರ ಗತಿ ಮುಗಿಯಿತು.

ನಮ್ಮ ಅಡಿಗೆಮನೆಯ ಪಶ್ಚಿಮದ ಕಿಟಕಿಯ ಹಿಡಿ ಮುರಿದದ್ದು ಒಂದು ಮೇ ತಿಂಗಳಲ್ಲಿ, ಮಳೆಗಾಲದ ಮುಂಚಿನ ಮೊದಲ ಮಳೆಗಳು ಬೀಳುವ ಹೊತ್ತಿಗೆ. ಆ ಕಿಟಕಿಯನ್ನು ಮುಚ್ಚುವ ಕೆಲಸ ನಮ್ಮ ಅತ್ತೆಯವರದು. ಅವರಿಗೆ 81 ವರ್ಷ. ಬೆರಳಿನ ಗಂಟುಗಳು ಬಾತುಕೊಂಡಿವೆ. ಮದುವೆಯಾಗಿ ಬಂದಂದಿನಿಂದ ರಾತ್ರಿಭೋಜನ ತ್ಯಾಗದ ನಿಯಮ ಪಾಲಿಸುತ್ತಾ ಬಂದವರು. ಸಂಜೆ ಬೆಳಕಿರುವಾಗಲೇ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಗಾಳಿಸಿದ ನೀರಿನ ಬಿಂದಿಗೆಯನ್ನು ಮುಚ್ಚಿ, ಕಿಟಕಿಯ ಕದ ಎಳೆದು ಚಿಲಕ ಹಾಕಿ, ಆಮೇಲೆ ದೀಪ ಹಚ್ಚುವುದು ಅವರ ಕ್ರಮ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಮಳೆಹುಳುಗಳು ನೆಲದಿಂದ ಎದ್ದು ಬೆಳಕಿದ್ದಲ್ಲಿಗೆ ಮುತ್ತುತ್ತವೆ. ಕಿಟಕಿ ತೆರೆದು ದೀಪ ಹಚ್ಚಿದರೆ ನೂರಾರು ಹುಳುಗಳು ದೀಪದ ಕೆಳಗೆ ರೆಕ್ಕೆ ಉದುರಿಸಿ ಸಾಯುತ್ತವೆ. ಅದಕ್ಕಾಗಿಯೇ ಈ ಕ್ರಮ.

ಹಿಡಿ ಮುರಿದ ಮೇಲೆ ಅತ್ತೆಯವರು ಯಾರಿಗೂ ಏನೂ ಹೇಳಲಿಲ್ಲ. ಕದ ಎಳೆಯಲು ಅವರಿಂದಾಗದು. ತೆರೆದ ಕಿಟಕಿಯಿರುವಾಗ ದೀಪ ಹಚ್ಚಲು ಅವರಿಗೆ ಮನಸ್ಸಿಲ್ಲ. ಆದ್ದರಿಂದ ಊಟವಾದ ಮೇಲೆ ಕತ್ತಲಲ್ಲೇ ಕುಳಿತು ಜಪ ಮಾಡತೊಡಗಿದರು. ಮೂರನೆಯ ದಿನ ನಮ್ಮ ಮಗಳು ನೀರು ಕುಡಿಯಲು ಹೋಗಿ, "ಅಜ್ಜಿ ಕತ್ತಲೆಯಲ್ಲಿ ಕೂತಿದ್ದಾರೆ" ಎಂದಾಗ ವಿಷಯ ಹೊರಬಿತ್ತು. ಯಾಕೆ ಹೇಳಲಿಲ್ಲವೆಂದರೆ, "ಮಳೆ ಹತ್ತಿರವಾಯಿತು, ತೋಟದ ಕೆಲಸ ಇದೆ, ಅಂಗಡಿಯ ಕೆಲಸ ಇದೆ. ಒಂದು ಹಿಡಿಗೆ ಯಾರನ್ನು ಓಡಿಸಲಿ?" ಎಂದರು. ಮುದುಕರು ಹೀಗೆಯೇ ಒಂದೊಂದೇ ಕೆಲಸವನ್ನು ಸದ್ದಿಲ್ಲದೆ ಬಿಟ್ಟುಕೊಡುತ್ತಾರೆ. ವಯಸ್ಸಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಕೆಲವು ಸಲ ಕಾರಣ ವಯಸ್ಸಲ್ಲ, ಎರಡು ತಿರುಪು ಮೊಳೆ.

ನಮ್ಮ ಧರ್ಮದಲ್ಲಿ ಇದಕ್ಕೊಂದು ಸ್ಥಾನವುಂಟು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳಿದೆ. ಅವುಗಳಲ್ಲಿ ವಚನಗುಪ್ತಿ, ಮನೋಗುಪ್ತಿ, ಈರ್ಯಾಸಮಿತಿಗಳ ನಂತರ ಬರುವ ಎರಡನ್ನು ನೋಡಿ. ಒಂದು ಆದಾನನಿಕ್ಷೇಪಣ ಸಮಿತಿ, ಅಂದರೆ ಯಾವ ವಸ್ತುವನ್ನೇ ಆಗಲಿ ನೋಡಿ ಎತ್ತುವುದು, ನೋಡಿ ಇಡುವುದು. ಇನ್ನೊಂದು ಆಲೋಕಿತ ಪಾನಭೋಜನ, ಅಂದರೆ ಬೆಳಕಿನಲ್ಲಿ ನೋಡಿ ಉಣ್ಣುವುದು, ಕುಡಿಯುವುದು. ಎರಡನ್ನೂ ಒಂದರ ಪಕ್ಕ ಒಂದಾಗಿ ಇಟ್ಟಿದ್ದಾರೆ. ಅತ್ತೆಯವರ ಸಂಜೆಯ ಕ್ರಮದಲ್ಲಿ ಅವೆರಡೂ ಕೂಡಿಯೇ ಇದ್ದವು. ಹಿಡಿ ಗಟ್ಟಿಯಾಗಿದ್ದರೆ ಕದವನ್ನು ಮೆಲ್ಲಗೆ ತಂದು, ಸಂದಿಯಲ್ಲಿ ಏನಾದರೂ ಇದೆಯೇ ಎಂದು ನೋಡಿ, ಆಮೇಲೆ ಕೂಡಿಸಬಹುದು. ಹಿಡಿ ಇಲ್ಲದೆ ಜಗ್ಗಿದರೆ ನೋಡುವ ಅವಕಾಶವೇ ಇಲ್ಲ. ಸಮಿತಿಯನ್ನು ಪಾಲಿಸಬೇಕೆಂಬ ಮನಸ್ಸಿದ್ದರೂ ಸಾಲದು, ಕೈಗೆ ಸಿಗುವ ವಸ್ತುವೂ ಸರಿಯಾಗಿರಬೇಕು.

ಮನೆಯಲ್ಲಿ ಚರ್ಚೆಯಾಯಿತು. ಹಳೆಯ ಕಿಟಕಿಯನ್ನೇ ಕಿತ್ತು ಅಲ್ಯೂಮಿನಿಯಂ ಜಾರುಕದ ಹಾಕಿಸೋಣವೆಂದು ಮಗ ಹೇಳಿದ. ನಾನು ಬೇಡವೆಂದೆ. ಕದಗಳು ಹಲಸಿನ ಮರದವು. ಇನ್ನೂ ಒಂದು ತಲೆಮಾರು ಬಾಳುತ್ತವೆ. ಒಂದು ಹಿಡಿಗಾಗಿ ಕಿಟಕಿಯನ್ನೇ ಎಸೆಯುವುದು ಪರಿಗ್ರಹ ಪರಿಮಾಣ ವ್ರತ ಕೇಳಿದವರಿಗೆ ಶೋಭಿಸದು. ಬಡಗಿಯೊಬ್ಬರು "ನಾಳೆ ಬರುತ್ತೇನೆ" ಎಂದರು. ಆ ನಾಳೆ ಒಂದು ವಾರವಾಯಿತು. ಕೊನೆಗೆ ಮಗನೂ ನಾನೂ ಸೇರಿ ಮಾಡಿದೆವು. ಅದರಲ್ಲಿ ಕಲಿತದ್ದನ್ನು ಗೃಹಿಣಿಯರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಹಿಡಿ ಮುರಿದದ್ದೇಕೆ ಎಂಬುದು. ಹಿಡಿ ತಾನಾಗಿ ಮುರಿಯುವುದು ಅಪರೂಪ. ಕದ ಬಿಗಿಯಾಗಿ ಕೂತಿರುತ್ತದೆ, ನಾವು ಜಗ್ಗುತ್ತೇವೆ, ಪೆಟ್ಟು ಹಿಡಿಗೆ ಬೀಳುತ್ತದೆ. ಬಿಗಿಯಾಗಲು ಮೂರು ಕಾರಣಗಳುಂಟು. ಮೇಲಿನ ಬಿಜಾಗರಿಯ ತಿರುಪು ಸಡಿಲವಾಗಿ ಕದ ಜೋತುಬಿದ್ದು ಕೆಳಗೆ ಉಜ್ಜುವುದು ಒಂದು. ವರ್ಷ ವರ್ಷ ಬಳಿದ ಬಣ್ಣ ಅಂಚಿನಲ್ಲಿ ದಪ್ಪವಾಗುವುದು ಇನ್ನೊಂದು. ಮರ ತೇವ ಕುಡಿದು ಉಬ್ಬುವುದು ಮೂರನೆಯದು. ನಮ್ಮದು ಮೊದಲನೆಯದು. ಬಿಜಾಗರಿಯ ತಿರುಪುಗಳನ್ನು ಬಿಗಿ ಮಾಡಿ ಒಂದು ಹನಿ ಎಣ್ಣೆ ಬಿಟ್ಟೊಡನೆ ಕದ ಬೆರಳಿನ ಸೂಚನೆಗೇ ತಿರುಗಿತು. ಇದನ್ನು ಬಿಟ್ಟು ಹಿಡಿಯನ್ನಷ್ಟೇ ಬದಲಾಯಿಸಿದರೆ ಹೊಸದೂ ಬೇಗ ಕಿತ್ತುಬರುತ್ತದೆ. ಮರ ಉಬ್ಬಿದ್ದರೆ ಮಳೆಗಾಲದಲ್ಲಿ ಕೀಸುಳಿ ಹಾಕಬಾರದು. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಸಂದಿ ಉಳಿಯುತ್ತದೆ.

ಎರಡನೆಯದು ಅಳತೆ. ಹಳೆಯ ಹಿಡಿಯನ್ನು ಬಿಸಾಡಬೇಡಿ, ಅಂಗಡಿಗೆ ಅದನ್ನೇ ಒಯ್ಯಿರಿ. ಒಂದು ತೂತಿನ ನಡುವಿನಿಂದ ಇನ್ನೊಂದು ತೂತಿನ ನಡುವಿನವರೆಗೆ ಎಷ್ಟು ಅಂತರ, ಕದದ ದಪ್ಪ ಎಷ್ಟು ಎಂದು ಬರೆದುಕೊಳ್ಳಿ. ನಮ್ಮಂತಹ ಸರಳಿನ ಕಿಟಕಿಗಾದರೆ, ಮುಚ್ಚಿದ ಕದಕ್ಕೂ ಸರಳಿಗೂ ನಡುವೆ ಎಷ್ಟು ಜಾಗವಿದೆ ಎಂಬುದನ್ನೂ ಅಳೆಯಬೇಕು. ಹಿಡಿ ಅದಕ್ಕಿಂತ ಹೆಚ್ಚು ಮುಂದೆ ಚಾಚಿದರೆ ಸರಳಿಗೆ ತಾಗಿ ಕದ ಮುಚ್ಚುವುದೇ ಇಲ್ಲ.

ಅಂಗಡಿಯಲ್ಲಿ ಇಲ್ಲಿ ಮಲಯಾಳದಲ್ಲಿ ಕೇಳಬೇಕು. ಕಿಟಕಿ 'ಜನಲ್' ಆಗುತ್ತದೆ, ಬಿಜಾಗರಿ 'ವಿಜಾಗಿರಿ'. ಎರಡೂ ಪೋರ್ಚುಗೀಸರಿಂದ ಬಂದ ಮಾತುಗಳು. ಹಿಡಿ ಮಾತ್ರ 'ಪಿಡಿ'. ನಮ್ಮ ಪಂಪನ ಕಾಲದ ಹಳಗನ್ನಡದಲ್ಲೂ ಅದು 'ಪಿಡಿ'ಯೇ. ಗಡಿಯಲ್ಲಿ ಬಾಳುವ ನಮಗೆ ಇಂತಹ ಸಣ್ಣ ಸಂತೋಷಗಳು ಆಗಾಗ ಸಿಗುತ್ತವೆ.

ಅಂಗಡಿಯವರು ನಾಲ್ಕು ಬಗೆಯ ಹಿಡಿಗಳನ್ನು ಮುಂದಿಟ್ಟರು. ನೋಡಲು ಎಲ್ಲವೂ ಹಿತ್ತಾಳೆಯೇ. ಆಮೇಲೆ ತಾವೇ ಗಲ್ಲಾದಿಂದ ಒಂದು ಅಯಸ್ಕಾಂತ ತೆಗೆದು ತೋರಿಸಿದರು. ಒಂದಕ್ಕೆ ಅದು ಕಚ್ಚಿಕೊಂಡಿತು. ಅದು ಹಿತ್ತಾಳೆಯ ಬಣ್ಣ ಕೊಟ್ಟ ಕಬ್ಬಿಣ. ಇನ್ನೊಂದಕ್ಕೆ ಕಚ್ಚಲಿಲ್ಲ, ಆದರೆ ಕೈಗೆ ಹಗುರ. ಹಿಂಬದಿಯಲ್ಲಿ ಉಗುರಿನಷ್ಟು ಗೀರಿದರೆ ಬೂದು ಬಣ್ಣ ಕಂಡಿತು. ಅದು ಸತುವಿನ ಎರಕ. ಇದು ಬಗ್ಗುವುದಿಲ್ಲ, ಪೆಟ್ಟಿಗೆ ಪಟ್ಟನೆ ಮುರಿಯುತ್ತದೆ. ನಮ್ಮ ಹಳೆಯ ಹಿಡಿಯೂ ಇದೇ ಜಾತಿಯದು. ಗೀರಿದಲ್ಲಿಯೂ ಹಳದಿಯಾಗಿ ಕಾಣುವ, ಕೈಗೆ ಭಾರವಾದದ್ದೇ ಹಿತ್ತಾಳೆ. ಯಾವುದು ಏನೆಂದು ಹೇಳಿ ಬೆಲೆ ಹೇಳಿದ ಆ ವ್ಯಾಪಾರಿಯ ಮಾತು ನನಗೆ ಬಹಳ ಹಿಡಿಸಿತು. ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಅಸಲಿನಂತೆ ಕಾಣುವ ನಕಲನ್ನು ಅಸಲೆಂದು ಮಾರುವುದು ಕಳವಿಗೆ ಸಮೀಪದ ದೋಷವೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ವ್ಯಾಪಾರವೇ ಕುಲವೃತ್ತಿಯಾದ ನಾವು ಗಲ್ಲಾದಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಗಿರಾಕಿಯ ಕೈಗೇ ಕೊಡುವುದು ಒಳ್ಳೆಯದಲ್ಲವೇ?

ನಾವು ಹಿತ್ತಾಳೆಯದನ್ನೇ ತಂದೆವು. ಅದಕ್ಕೆ ತಿರುಪುಗಳೂ ಹಿತ್ತಾಳೆಯವೇ ಇರಲಿ. ತೇವದಲ್ಲಿ ಕಬ್ಬಿಣದ ತಿರುಪು ಹಿತ್ತಾಳೆಯ ಸಂಗದಿಂದ ಬೇಗ ತುಕ್ಕು ಹಿಡಿಯುತ್ತದೆ, ಮರಕ್ಕೂ ಕಪ್ಪು ಕಲೆ ಬೀಳುತ್ತದೆ.

ಕೆಲಸವನ್ನು ಹಗಲಿನಲ್ಲೇ ಮಾಡಬೇಕು. ಹಿಡಿಯ ಹಿಂದೆ, ಚಿಲಕದ ತೂತಿನಲ್ಲಿ, ಚೌಕಟ್ಟಿನ ಮೂಲೆಯಲ್ಲಿ ಎಷ್ಟೋ ಜೀವಗಳ ಸಂಸಾರವಿರುತ್ತದೆ. ಮೆತ್ತನೆಯ ಕುಂಚದಿಂದ ಇರುವೆ, ಜೇಡಗಳನ್ನು ಬದಿಗೆ ಸರಿಸಿ ಕೆಲಸ ಶುರುಮಾಡಿದೆವು. ಕೆಳಗಿನ ಚಿಲಕದ ತೂತಿನಲ್ಲಿ ಕುಂಬಾರಹುಳು ಮಣ್ಣು ಮೆತ್ತಿ ಗೂಡು ಮಾಡಿತ್ತು. ಒಳಗೆ ಮರಿಯಿರುತ್ತದೆ. ಅದನ್ನು ಮುಟ್ಟಲಿಲ್ಲ. ಮಣ್ಣಿನ ಮುಚ್ಚಳದಲ್ಲಿ ತೂತು ಕಾಣಿಸಿ, ಮರಿ ಹಾರಿಹೋಯಿತೆಂದು ಗೊತ್ತಾಗುವವರೆಗೆ ಮೇಲಿನ ಚಿಲಕವೊಂದನ್ನೇ ಬಳಸಿದೆವು.

ಹಳೆಯ ತಿರುಪು ತುಕ್ಕು ಹಿಡಿದು ಬರದಿದ್ದರೆ ಒಂದು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು, ಮೊದಲು ಬಿಗಿಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ದೊಡ್ಡದಾದ ಹಳೆಯ ತೂತಿನಲ್ಲಿ ಹೊಸ ತಿರುಪು ನಿಲ್ಲದು. ಬಿದಿರಿನ ಸೀಳುಗಳನ್ನು ಅಂಟಿನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುಂಬಿ, ಒಂದು ದಿನ ಒಣಗಲು ಬಿಟ್ಟು, ಮಿಕ್ಕದ್ದನ್ನು ಕತ್ತರಿಸಿ, ತಿರುಪಿಗಿಂತ ಸಣ್ಣ ತೂತು ಕೊರೆದು ಹಾಕಬೇಕು. ಹಿಂದೆ ಬಡಗಿಗಳು ಕಾಯಿಸಿ ಬಳಸುತ್ತಿದ್ದ ಅಂಟು ಪ್ರಾಣಿಗಳ ಚರ್ಮ, ಮೂಳೆಗಳಿಂದಾದದ್ದು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಆ ಚಿಂತೆ ದೂರವಾಯಿತು. ಅದು ಕೃತಕ ರಾಳದ ಅಂಟು. ತಿರುಪು ಸಲೀಸಾಗಿ ಇಳಿಯಲು ಮೇಣ ಸವರುವ ರೂಢಿಯುಂಟು. ಜೇನುಮೇಣ ನಮಗೆ ಸಲ್ಲದು. ಪ್ಯಾರಾಫಿನ್ ಮೇಣದ ಬತ್ತಿಯ ತುಂಡು ಸಾಕು. ಸಾಬೂನು ಸವರಿದರೆ ತೇವ ಹೀರಿ ತುಕ್ಕಿಗೆ ಕಾರಣವಾಗುತ್ತದೆ. ದಿನಾ ಎಳೆಯುವ ಹಿಡಿಗೆ ಕದದ ಆಚೆಗೆ ಹಾಯುವ ಬೋಲ್ಟು ಹಾಕಿ ಹಿಂದಿನಿಂದ ವಾಷರ್, ನಟ್ಟು ಬಿಗಿದರೆ ಇನ್ನೂ ಭದ್ರ. ನಾವು ಹಾಗೆಯೇ ಮಾಡಿದೆವು.

ಇನ್ನೊಂದು ಮಾತು. ಹಿಡಿಯನ್ನು ಕೊಳ್ಳುವಾಗ ಮನೆಯ ಗಟ್ಟಿ ಕೈಯನ್ನಲ್ಲ, ಬಲಹೀನವಾದ ಕೈಯನ್ನು ನೆನೆಯಬೇಕು. ಸಣ್ಣ ಗುಂಡು ಹಿಡಿಯನ್ನು ಬೆರಳುಗಳಿಂದ ಹಿಂಡಿ ಹಿಡಿಯಬೇಕು. ಗಂಟುನೋವಿನವರಿಗೆ ಅದೇ ಕಷ್ಟ. ಉದ್ದವಾದ ಬಳೆಯಂತಹ ಹಿಡಿಗೆ ನಾಲ್ಕು ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ತೋಳಿನಿಂದಲೇ ಎಳೆಯಬಹುದು. ನಾವು 6 ಅಂಗುಲದ್ದನ್ನು ಹಾಕಿದೆವು. ಹಳೆಯದಿದ್ದ ಜಾಗಕ್ಕಿಂತ ಒಂದು ಗೇಣು ಕೆಳಗೆ, ಅತ್ತೆಯವರನ್ನು ನಿಲ್ಲಿಸಿ, ಅವರ ಕೈ ಎಲ್ಲಿಗೆ ಹೋಗುತ್ತದೆಂದು ನೋಡಿ, ಸೀಮೆಸುಣ್ಣದಿಂದ ಗುರುತು ಹಾಕಿಕೊಂಡೆವು.

ಸೊಲ್ಲಾಪುರ, ಹೊಸೂರಿನಂತಹ ಊರುಗಳ ಫ್ಲಾಟುಗಳಲ್ಲಿ ಇರುವವರಿಗೆ ಯುಪಿವಿಸಿ ಕಿಟಕಿಗಳಿರಬಹುದು. ಅವುಗಳ ತಿರುಗುವ ಹಿಡಿ ಸಡಿಲವಾದರೆ ಬುಡದ ಪ್ಲಾಸ್ಟಿಕ್ ಮುಚ್ಚಳವನ್ನು ಅಡ್ಡಕ್ಕೆ ತಿರುಗಿಸಿ ನೋಡಿ, ಕೆಳಗೆ ಎರಡು ತಿರುಪುಗಳು ಕಾಣುತ್ತವೆ. ಅನೇಕ ಸಲ ಬಿಗಿ ಮಾಡಿದರೆ ಸಾಕಾಗುತ್ತದೆ. ಬದಲಾಯಿಸುವುದಾದರೆ ತಿರುಪುಗಳ ಅಂತರ ಸಾಮಾನ್ಯವಾಗಿ 43 ಮಿಲಿಮೀಟರ್, ಒಳಗೆ ಹೋಗುವ ಚೌಕ ಸರಳು 7 ಮಿಲಿಮೀಟರ್. ಆ ಸರಳಿನ ಉದ್ದ ಮಾತ್ರ ಕಿಟಕಿಯಿಂದ ಕಿಟಕಿಗೆ ಬೇರೆಯಾಗುತ್ತದೆ. ಅದನ್ನು ಅಳೆದೇ ಕೊಳ್ಳಬೇಕು.

ಹಿಡಿ ಕೂತ ದಿನ ಸಂಜೆ ಅತ್ತೆಯವರು ಎಂದಿನಂತೆ ಊಟ ಮುಗಿಸಿ, ಕದವನ್ನು ಎಳೆದರು. ಅರ್ಧಕ್ಕೆ ನಿಲ್ಲಿಸಿ ಸಂದಿಯನ್ನು ನೋಡಿದರು. ಆಮೇಲೆ ಕೂಡಿಸಿ ಚಿಲಕ ಹಾಕಿ ದೀಪ ಹಚ್ಚಿದರು. "ಚೆನ್ನಾಗಿದೆಯೇ?" ಎಂದು ಕೇಳಿದರೆ, "ಸ್ವಲ್ಪ ತಣ್ಣಗಿದೆ" ಎಂದರು. ಹಿತ್ತಾಳೆಯಲ್ಲವೇ!

ಬಂಧುಗಳೇ, ಆಷಾಢದಲ್ಲಿ ಚಾತುರ್ಮಾಸ ತೊಡಗುತ್ತದೆ. ಜೀವಗಳು ಹೆಚ್ಚುವ ಕಾಲವೆಂದು ಮುನಿಗಳು ಒಂದೆಡೆ ನಿಲ್ಲುತ್ತಾರೆ. ಅದೇ ಕಾಲದಲ್ಲಿ ಮರ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಡಗಿಯ ಶಾಸ್ತ್ರವೂ ಶ್ರಾವಕನ ಶಾಸ್ತ್ರವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ: ದುರಸ್ತಿಯನ್ನು ಮಳೆಗಿಂತ ಮೊದಲು ಮಾಡಿ. ಬೇಸಿಗೆಯ ಒಂದು ಮಧ್ಯಾಹ್ನ ಮನೆಯ ಕಿಟಕಿಗಳನ್ನೆಲ್ಲ ಒಮ್ಮೆ ತೆರೆದು ಮುಚ್ಚಿ ನೋಡಿ. ಜೊತೆಗೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಮುಚ್ಚಿಸಿ ನೋಡಿ. ಅವರು ಬಾಯಿಬಿಟ್ಟು ಹೇಳದ್ದನ್ನು ಆ ಕೈಗಳು ಹೇಳುತ್ತವೆ.