ದರೋಜಿಯಲ್ಲೊಂದು ಸಂಜೆ
ಹಂಪೆಯ ದರ್ಶನ ಮುಗಿಸಿ, ಕಮಲಾಪುರದ ಹಾದಿಯಾಗಿ ನಾವು ದರೋಜಿ ಕರಡಿಧಾಮವನ್ನು ತಲುಪಿದಾಗ ಇಳಿಹೊತ್ತು. 1994ರಲ್ಲಿ ರೂಪುಗೊಂಡ ಧಾಮವಿದು. ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಸವರಿದ್ದರು. ಅದರ ಆಸೆಗೆ ತಾಯಿಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಇಳಿದುಬಂದಿತು. ವೀಕ್ಷಣಾ ಗೋಪುರದಿಂದ ನಾವೂ ಚಿತ್ರ ತೆಗೆದೆವು. ಆದರೂ ಮನಸ್ಸಿಗೇನೋ ಕಸಿವಿಸಿ.

ನೆರೆಯ ಸಂಡೂರಿನ ಎಂ.ವೈ. ಘೋರ್ಪಡೆಯವರು (1931–2011) ರಾಜಕಾರಣದ ನಡುವೆಯೂ ಕಾಡು ತಿರುಗಿ, ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದವರು. ಆಗಿನ ಫಿಲಂ ಸುರುಳಿಯಲ್ಲಿ ಹೆಚ್ಚೆಂದರೆ 36 ಚಿತ್ರ. ಬೆಳಕು, ಗಾಳಿಯ ದಿಕ್ಕು, ಪ್ರಾಣಿಯ ನಿಲುವು ಕೂಡಿಬರುವವರೆಗೆ ಕಾಯಬೇಕು. ನಾವು ಕಾದದ್ದು ಅರ್ಧ ಗಂಟೆ, ಅದೂ ಬೆಲ್ಲದ ಕೃಪೆಯಿಂದ!

ಮಬ್ಬು ಕವಿದ ಮೇಲೆ ಮತ್ತೊಂದು ಕರಡಿ ಕಾಣಿಸಿಕೊಂಡಿತು. ಬೆಲ್ಲದತ್ತ ಸುಳಿಯದೆ ಹುತ್ತವೊಂದನ್ನು ಕೆದಕತೊಡಗಿತು. ಚಿತ್ರಕ್ಕೆ ಬೆಳಕು ಸಾಲದು. ಕ್ಯಾಮೆರಾ ಕೆಳಗಿಟ್ಟು ನೋಡುತ್ತ ನಿಂತೆವು.