ಶನಿವಾರದ ರಾತ್ರಿಗೆ ಮುನ್ನ

ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತಿದ್ದ ಆಕಾಶವಾಣಿಯ ಕಾರ್ಯಕ್ರಮ ಪಟ್ಟಿಯನ್ನು ಅಲಕ್ಷಿಸುವವರು ಒಂದು ಕಾಲದಲ್ಲಿ ವಿರಳ. ಆಕಾಶವಾಣಿಯೆಂಬ ಹೆಸರು ಮೈಸೂರಿನದು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್ ಶಕ್ತಿಯ ಯಂತ್ರವನ್ನಿರಿಸಿ ತೆರೆದ ಬಾನುಲಿ ಕೇಂದ್ರಕ್ಕೆ ಸಂದ ಹೆಸರದು. ಪುಟ್ಟದೊಂದು ವಿದ್ಯುದ್ದೀಪಕ್ಕೆ ಸಾಲುವಷ್ಟೇ ಶಕ್ತಿ!

1952ರಿಂದ ಶನಿವಾರದ ರಾತ್ರಿಗೆ ವಿಶೇಷ ಕಳೆ ಬಂದಿತು. ಆ ವರ್ಷ ಆರಂಭವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ದೇಶದ ನಿಲಯಗಳು ಒಟ್ಟಿಗೆ ಬಿತ್ತರಿಸುತ್ತಿದ್ದವು. ಗ್ರಾಮೊಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಮೂರು-ನಾಲ್ಕು ನಿಮಿಷ ಮಾತ್ರ. ಆಲಾಪನೆ ಅರಳುವಷ್ಟರಲ್ಲಿ ಮುಳ್ಳು ಕೊನೆ ಮುಟ್ಟಿರುತ್ತಿತ್ತು. ಇಲ್ಲಿಯಾದರೋ ರಾಗವನ್ನು ಸಾವಧಾನವಾಗಿ ಬೆಳೆಸಲು ವಿದ್ವಾಂಸರಿಗೆ ಗಂಟೆಗೂ ಮಿಕ್ಕ ಅವಕಾಶ.

ಇದರ ಬೆಲೆಯನ್ನು ಚೆನ್ನಾಗಿ ಬಲ್ಲವಳು ಗೃಹಿಣಿ. ಸಂಗೀತ ಕಚೇರಿಗೆ ಹೋಗಲು ಹಣವಿದ್ದರೆ ಹೊತ್ತಿಲ್ಲ, ಹೊತ್ತಿದ್ದರೆ ಜೊತೆಗೆ ಬರುವವರಿಲ್ಲ. ಪಟ್ಟಿಯ ಆ ಒಂದು ಸಾಲೇ ಅವಳಿಗೆ ಆಮಂತ್ರಣ. ತಪ್ಪಿದರೆ ಮರಳಿ ಕೇಳುವ ಭರವಸೆಯಿರಲಿಲ್ಲ. ಇಂದು ಮೊಬೈಲಿನಲ್ಲಿ ಆ ಹಿರಿಯರ ಗಾಯನ ಬೇಕೆಂದಾಗ ದೊರೆಯುತ್ತದೆ. ‘ನಾಳೆ ಕೇಳೋಣ’ ಎಂದು ಮುಂದೂಡುವುದೂ ಅಷ್ಟೇ ಸುಲಭ. ಅವಳಾದರೋ ಶನಿವಾರ ಒಲೆಯನ್ನು ಬೇಗ ಆರಿಸಿ, ಮಕ್ಕಳನ್ನು ಮಲಗಿಸಿ, ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು, ಇನ್ನೂ ಹತ್ತು ನಿಮಿಷವಿರುವಾಗಲೇ ರೇಡಿಯೊದ ಬಳಿ ಬಂದು ಕುಳಿತಿರುತ್ತಿದ್ದಳು.